ಮೇಕೆ ಚರ್ಮಕ್ಕೆ ಕಟ್ಟಿದ ವಾಚು

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ನನ್ನ ಹೃದಯದಲ್ಲಿ ಏನಿದೆ ಎಂದು ಒಮ್ಮೆಯೂ ವಿಚಾರಿಸದ ನನ್ನವಳು, ಅದು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ದಿನಕ್ಕೆ ಹನ್ನೆರಡು ಸಲ ವಿಚಾರಿಸತೊಡಗಿದಳು. ಎಲ್ಲಕ್ಕೂ ಕಾರಣ ನನ್ನ ಎಡಗೈಗೆ ಬಂದು ವಕ್ಕರಿಸಿದ ಒಂದು ವಾಚು.

ನಾನು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ಮನೆ ಮೂರನೇ ಮಹಡಿಯಲ್ಲಿ, ಅಂಗಡಿ ಎರಡು ಬೀದಿ ಆಚೆ. ಒಂದು ದಿನ ರಟ್ಟಿನ ಕಟ್ಟು ಎತ್ತುವಾಗ ತಲೆ ಸುತ್ತಿ ಬಿದ್ದೆ. (ಬಿದ್ದದ್ದು ಕತ್ತರಿಸಿ ಹಾಕಿದ ಕಾಗದದ ರಾಶಿಯ ಮೇಲೆ. ಅಷ್ಟು ಮೆತ್ತನೆಯ ಹಾಸಿಗೆ ನಮ್ಮ ಮನೆಯಲ್ಲೂ ಇಲ್ಲ.) ಡಾಕ್ಟರಮ್ಮ ಪರೀಕ್ಷೆ ಮಾಡಿ, "ತಿಂಡಿ ತಿನ್ನದೆ ಭಾರ ಎತ್ತಿದ್ದೀರಿ, ಅಷ್ಟೇ" ಎಂದರು. ಆ 'ಅಷ್ಟೇ' ನನ್ನವಳ ಕಿವಿಗೆ ಬೀಳಲೇ ಇಲ್ಲ.

"ಅಂಗಡಿ ಮುಚ್ಚಿಬಿಡಿ. ನನ್ನ ತಮ್ಮ ಆ ಜಾಗ ಕೇಳ್ತಾನೇ ಇದಾನೆ. ಮೊಬೈಲ್ ಕವರ್ ಮಾರ್ತಾನಂತೆ."

"ನಾನೇನು ಮಾಡ್ತಿರೋದು? ನಾನೂ ಕವರೇ ಹಾಕೋದು ಕಣೇ!"

"ನಿಮ್ಮ ಕವರು ಹಾಕಿಸ್ಕೊಂಡವರು ಮತ್ತೆ ಮೂವತ್ತು ವರ್ಷ ಈ ಕಡೆ ತಲೆ ಹಾಕಲ್ಲ. ಅದೂ ಒಂದು ವ್ಯಾಪಾರಾನಾ?"

ಮೂವತ್ತು ವರ್ಷ ಬಾಳುವಂತೆ ಕೆಲಸ ಮಾಡುವುದೂ ತಪ್ಪಾಯಿತು ನೋಡಿ. ಕೊನೆಗೆ ಮಗಳು ನಡುವೆ ಬಂದು ಒಪ್ಪಂದ ಮಾಡಿಸಿದಳು. ಅವಳು ತರುವ ವಾಚನ್ನು ನಾನು ಹದಿನೈದು ದಿನ ಹಗಲು ಹೊತ್ತಿನಲ್ಲಿ ಕಳಚುವ ಹಾಗಿಲ್ಲ. ಬಡಿತದ ಲೆಕ್ಕವೆಲ್ಲ ಅಮ್ಮನ ಫೋನಿಗೆ ಹೋಗುತ್ತದೆ. ಹದಿನೈದು ದಿನ ಸುಸೂತ್ರವಾಗಿ ಕಳೆದರೆ ಅಂಗಡಿ ನನ್ನದು. ಒಮ್ಮೆ ಕಳಚಿದರೂ ಬಾಮೈದನದು.

"ಕೆಳಗಡೆ ಹಸಿರು ದೀಪ ಇದೆ ನೋಡಪ್ಪ. ಅದರ ಬೆಳಕಲ್ಲಿ ರಕ್ತ ಹರಿಯೋದನ್ನ ನೋಡುತ್ತೆ. ಕೈಯಿಂದ ತೆಗೆದ್ರೆ ಅದಕ್ಕೇ ಗೊತ್ತಾಗುತ್ತೆ" ಎಂದಳು ಮಗಳು.

ನಾನು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿ, ದೀಪ ಆರಿಸಿ, ಪಟ್ಟಿ ಸ್ವಲ್ಪ ಸಡಿಲ ಮಾಡಿ ಇಣುಕಿದೆ. ಹಸಿರು ಬೆಳಕು ಚರ್ಮದ ಮೇಲೆ ಮಿಣುಕುತ್ತಿತ್ತು. ಮೈ ಜುಮ್ಮೆಂದಿತು. ಸೂಜಿ ಚುಚ್ಚದೆ, ಚರ್ಮ ಕೊಯ್ಯದೆ, ಹೊರಗೇ ಕೂತು ಒಳಗಿನದನ್ನು ಓದುವುದೆಂದರೇನು! ಸಾವಿರಾರು ಪುಸ್ತಕಗಳಿಗೆ ರಟ್ಟು ಹಾಕಿದ್ದೇನೆ, ಒಂದನ್ನೂ ಬಿಚ್ಚದೆ ಓದಿದವನಲ್ಲ. (ಬಿಚ್ಚಿ ಓದಿದ್ದೂ ಅಷ್ಟಕ್ಕಷ್ಟೆ.) ಕತ್ತಲಲ್ಲೇ ಅದಕ್ಕೊಂದು ನಮಸ್ಕಾರ ಹಾಕಿದೆ.

ಭಕ್ತಿ ಹೆಚ್ಚು ದಿನ ಉಳಿಯಲಿಲ್ಲ. ಬೈಂಡಿಂಗ್ ಪ್ರೆಸ್ಸಿನ ತಿರುಪನ್ನು ಬಿಗಿ ಮಾಡಬೇಕಾದರೆ ಮೈಯ ಬಲವೆಲ್ಲ ಹಾಕಬೇಕು. ಬಡಿತ ನೂರಿಪ್ಪತ್ತು ದಾಟುತ್ತದೆ. ದಾಟಿದ ಕೂಡಲೇ ಫೋನು.

"ರೀ, ಏನ್ ಮಾಡ್ತಿದ್ದೀರಿ? ಬಿಟ್ಟು ಕೂತ್ಕೊಳ್ಳಿ!"

ಕೂತೆ. ಎದ್ದೆ. ಮತ್ತೆ ಫೋನು. ಹತ್ತು ದಿನ ಹೀಗೇ ಹಲ್ಲು ಕಚ್ಚಿ ಕಳೆದೆ. ಹನ್ನೊಂದನೆಯ ದಿನ ಇಪ್ಪತ್ತು ದಪ್ಪ ಪ್ರಬಂಧಗಳ ಕೆಲಸ ಬಂತು, ಸಂಜೆಯೊಳಗೆ ಕೊಡಬೇಕು. ಕೂತು ಎದ್ದು ಮಾಡುವ ಕೆಲಸವಲ್ಲ ಅದು. ಆಗ ನನ್ನ ತಲೆಯಲ್ಲಿ ಜ್ಞಾನೋದಯವಾಯಿತು. ಈ ವಾಚಿಗೆ ಬೇಕಾದದ್ದೇನು? ಚರ್ಮ ತಾನೇ? ಚರ್ಮಕ್ಕೆ ನನ್ನ ಅಂಗಡಿಯಲ್ಲಿ ಬರವೇ?

ದೊಡ್ಡ ಪುಸ್ತಕಗಳ ಬೆನ್ನಿಗೆಂದು ಇಟ್ಟಿದ್ದ ಮೇಕೆ ಚರ್ಮ, ಹದ ಮಾಡಿದ್ದು, ಬೆಣ್ಣೆಯಂಥದ್ದು. ಅದನ್ನು ಮರದ ಲಟ್ಟಣಿಗೆಗೆ ಮುಂಗೈಯಷ್ಟು ದಪ್ಪ ಸುತ್ತಿದೆ. ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ವಾಚನ್ನು ಕಳಚಿ ಅದಕ್ಕೆ ಕಟ್ಟಿದೆ. ಫೋನನ್ನು ಸದ್ದಡಗಿಸಿ ಮೂಲೆಗೆ ತಳ್ಳಿ, ಹಾಯಾಗಿ ತಿರುಪು ಬಿಗಿ ಮಾಡತೊಡಗಿದೆ.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ, ಹಸಿರು ದೀಪ ಮೇಕೆಯ ಮೇಲೆ ಒಂದಷ್ಟು ತಡಕಾಡಿ ಆರಿಹೋಗಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮೇಕೆಯೋ ಕುರಿಯೋ ಎಂದು ಬೆರಳಲ್ಲಿ ಮುಟ್ಟಿ ಹೇಳುವವನು ನಾನು. ಇದು ಮುಟ್ಟಿ ಬದುಕಿದೆಯೋ ಸತ್ತಿದೆಯೋ ಹೇಳುತ್ತದಲ್ಲ!

ಸತ್ತಿದೆ ಎಂದು ಯಾರಿಗೆ ಹೇಳಿರುತ್ತದೆ ಎಂಬುದು ಹೊಳೆಯುವಷ್ಟರಲ್ಲಿ ನನ್ನವಳು ಬಾಗಿಲಲ್ಲಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕೈಯಲ್ಲಿದ್ದ ಫೋನಿನ ತುಂಬ ಒಂದೇ ಸಾಲು: 'ಬಡಿತ ಸಿಗುತ್ತಿಲ್ಲ.'

"ಇದೀರಾ!" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಅವಳ ಕಣ್ಣು ಲಟ್ಟಣಿಗೆಯ ಮೇಲೆ ಬಿತ್ತು. "ಇದ್ಯಾರು?"

"ಮೇಕೆ" ಎಂದೆ.

"ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಮೂರು ಮಹಡಿ ಹೇಗೆ ಇಳಿದೆ ಅಂತ ನನಗೇ ಗೊತ್ತಿಲ್ಲ ಕಣ್ರೀ!" ಎಂದು ಅತ್ತೇಬಿಟ್ಟಳು. "ಸಾಕು. ಇವತ್ತೇ ತಮ್ಮನಿಗೆ ಹೇಳ್ತೀನಿ."

"ಇರೇ, ಇರು! ಈ ವಾಚೇ ಶುದ್ಧ ಸುಳ್ಳು. ಬೇಕಾದ್ರೆ ನೀನೇ ಕಟ್ಟಿ ನೋಡು" ಎಂದು ಅವಳ ಕೈಗೆ ಕಟ್ಟಿದೆ. ನೂರೈವತ್ತೆರಡು ತೋರಿಸಿತು.

ಓಡಿ ಬಂದಿದ್ದಾಳೆ, ಸಹಜ. ಅಂಗಡಿಯ ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟೆ. ಹತ್ತು ನಿಮಿಷವಾದ ಮೇಲೆ ನೂರಮೂವತ್ತನಾಲ್ಕು. ಅರ್ಧ ಗಂಟೆಗೆ ನೂರಿಪ್ಪತ್ತೆರಡು. ನನ್ನ ಕೈಗೆ ಕಟ್ಟಿ ನೋಡಿದೆ, ಎಂಬತ್ತನಾಲ್ಕು. ಮತ್ತೆ ಅವಳ ಕೈಗೆ, ಮತ್ತೆ ನೂರಿಪ್ಪತ್ತೆರಡು.

"ಮೆಟ್ಟಿಲು ಹತ್ತಿಳಿದ್ರೆ ಯಾವಾಗ್ಲೂ ಹೀಗೇ ಎದೆ ಹೊಡ್ಕೊಳ್ಳುತ್ತೆ. ಆಮೇಲೆ ಸರಿಹೋಗುತ್ತೆ" ಎಂದಳು.

"ಯಾವಾಗ್ಲೂ ಅಂದ್ರೆ ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತೇನೋ."

ಒಂದು ವರ್ಷ! ಅವಳ ಪಕ್ಕದಲ್ಲೇ ಕೂತು ಊಟ ಮಾಡಿದ ನನಗೆ ಗೊತ್ತಾಗದ್ದು, ಅರ್ಧ ಗಂಟೆ ಕೈ ಮುಟ್ಟಿದ ಈ ಬಿಲ್ಲೆಗೆ ಗೊತ್ತಾಗಿತ್ತು. ಈಗಲೂ 'ವಾಚು ಸುಳ್ಳು' ಎಂದು ಸಾಧಿಸಿದ್ದರೆ ಅಂಗಡಿ ಉಳಿಯುತ್ತಿತ್ತು. ನನಗೆ ಹೆದರಿಕೆಯಾಯಿತು. ಅವಳಿಲ್ಲದ ಮನೆಯನ್ನು ನೆನೆಯಲಿಕ್ಕೂ ಆಗಲಿಲ್ಲ.

"ವಾಚು ನಿಜಾನೇ ಹೇಳ್ತಿದೆ ಕಣೇ. ಸುಳ್ಳು ಹೇಳಿದ್ದು ನಾನು. ಅಂಗಡಿ ನಿನ್ನ ತಮ್ಮನಿಗೇ ಕೊಡು. ಈಗ ಏಳು, ಡಾಕ್ಟರಮ್ಮನ ಹತ್ತಿರ ಹೋಗೋಣ" ಎಂದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ರಕ್ತ ಇರಬೇಕಾದ್ದರಲ್ಲಿ ಅರ್ಧಾನೇ ಇದೆಯಲ್ಲಮ್ಮ! ಇನ್ನೊಂದು ತಿಂಗಳು ಬಿಟ್ಟಿದ್ರೆ ಮೆಟ್ಟಿಲ ಮೇಲೇ ಬೀಳ್ತಿದ್ರಿ" ಎಂದು ಗದರಿದರು. ಮಾತ್ರೆ, ಇಂಜೆಕ್ಷನ್ನು. ವಾಚು ಇನ್ನು ಅವಳ ಕೈಗೆ, ಲೆಕ್ಕ ನನ್ನ ಫೋನಿಗೆ. ಮೂರು ತಿಂಗಳು ದಿನಕ್ಕೆ ಒಂದೇ ಸಲ ಮೆಟ್ಟಿಲು ಇಳಿಯಬೇಕು, ಒಂದೇ ಸಲ ಹತ್ತಬೇಕು, ಒಬ್ಬಳೇ ಇರಕೂಡದು.

ದಾರಿಯಲ್ಲಿ ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಅಂಗಡಿ ಇರ್ಲಿ ಬಿಡಿ. ಬೆಳಿಗ್ಗೆ ನಿಮ್ಮ ಜೊತೆ ಇಳಿದು ಬರ್ತೀನಿ, ಸಂಜೆ ಜೊತೆಗೇ ಹತ್ತೋಣ" ಎಂದಳು. ಸಂತೋಷಕ್ಕೆ ನನಗೆ ಬೀದಿಯಲ್ಲೇ ಕುಣಿಯುವಂತಾಯಿತು.

ಆರು ವಾರವಾಯಿತು. ಅವಳ ಮುಖಕ್ಕೆ ಬಣ್ಣ ಬಂದಿದೆ. ಕುರ್ಚಿ ಅವಳದು, ನಿಲ್ಲುವ ಜಾಗ ನನ್ನದು. ನನ್ನ ಅಂಟು ತೀರಾ ನೀರಾಗಿದೆಯಂತೆ, ಹೊಲಿಗೆ ಸೊಟ್ಟಗಿದೆಯಂತೆ. ಯಾವ ಪುಸ್ತಕ ಯಾವತ್ತು ಸಿಗುತ್ತದೆ ಎಂದು ಗಿರಾಕಿಗಳಿಗೆ ಮಾತು ಕೊಡುವವಳು ಅವಳೇ.

ನಿನ್ನೆ ಹೊಸಬರೊಬ್ಬರು ಬಂದು, "ಅಂಗಡಿ ಯಜಮಾನರು ಇದಾರಾ?" ಎಂದರು. ನಾನು ಕೈ ಒರೆಸಿಕೊಂಡು ಗಾಂಭೀರ್ಯದಿಂದ ಮುಂದೆ ಬಂದೆ.

"ನಾನೇ, ಹೇಳಿ" ಎಂದಳು ಕುರ್ಚಿಯಿಂದ. "ಇವರು ನಮ್ಮಲ್ಲಿ ಕೆಲಸಕ್ಕಿದಾರೆ. ಪಾಪ, ಒಳ್ಳೆಯವರೇ. ಸ್ವಲ್ಪ ಕಣ್ಣಿಟ್ಟಿರಬೇಕು, ಅಷ್ಟೇ."

ಕಟ್ಟಿಕೊಂಡ ಗಂಡನೆದುರಿಗೇ ಇಷ್ಟು ದೊಡ್ಡ ಸುಳ್ಳು! ಎದೆ ಒಂದಿಷ್ಟಾದರೂ ಹಾರಿರಬೇಕು ಎಂದು ಮೆಲ್ಲನೆ ಫೋನು ತೆಗೆದು ನೋಡಿದೆ.

ಎಪ್ಪತ್ತನಾಲ್ಕು. ಒಂದೇ ಒಂದು ಬಡಿತವೂ ಹೆಚ್ಚಿರಲಿಲ್ಲ.