ಎರಡಿಂಚಿನ ಮಾಸ್ತರರ ಗರಗಸ

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದೇ ಒಂದು ಸೀನು. ಸೀನಿದ್ದು ಟೈಲರ್ ಮಾಸ್ತರರ ಅತ್ತೆ. ಸೀನಿದ್ದು ಕಳೆದ ಚಳಿಗಾಲದಲ್ಲಿ, ಅಳಿಯನ ಮನೆಯ ನಡುಮನೆಯಲ್ಲೇ ಕೂತು. ಆ ರಭಸಕ್ಕೆ ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಕ್ಕೆ ಹಾರಿತೆಂದು ಬೀದಿಯವರು ಇಂದಿಗೂ ಆಣೆಯಿಟ್ಟು ಹೇಳುತ್ತಾರೆ. ಮೂಗೊರೆಸಿಕೊಂಡು ಅತ್ತೆ ಆಡಿದ್ದು ಮೂರೇ ಮಾತು: "ದೊಡ್ಡಳಿಯನ ಮನೆ ಬೆಚ್ಚಗಿರುತ್ತಪ್ಪ." ಮರುದಿನವೇ ಪೆಟ್ಟಿಗೆ ಸಮೇತ ದೊಡ್ಡಳಿಯನ ಮನೆ ಸೇರಿದರು.

ದೊಡ್ಡಳಿಯನೆಂದರೆ ಮಾಸ್ತರರ ಷಡ್ಡಕ. ಟೆಂಪೋ ಇಟ್ಟುಕೊಂಡವನು. ಅವನ ಮನೆಯಲ್ಲಿ ಎಲ್ಲವೂ ದೊಡ್ಡದು: ಮೀಸೆ ದೊಡ್ಡದು, ಬಾಗಿಲು ದೊಡ್ಡದು, ಒಲೆ ದೊಡ್ಡದು, ಮಾತಂತೂ ಟೆಂಪೋದಲ್ಲಿ ಹಿಡಿಸದಷ್ಟು ದೊಡ್ಡದು. ಅಂಥವನ ಮುಂದೆ ಅತ್ತೆ ಮಾಸ್ತರರ ಮನೆಯನ್ನು ತಣ್ಣಗೆ ಎಂದದ್ದು ಅವರ ಎದೆಯಲ್ಲಿ ಗುಂಡುಸೂಜಿಯ ಹಾಗೆ ವರ್ಷವಿಡೀ ಚುಚ್ಚುತ್ತಿತ್ತು.

ಮಾಸ್ತರರೇನು ಸಾಮಾನ್ಯದವರಲ್ಲ. ಅವರ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನಿಂದ ಅದರ ತುದಿ ಇಣುಕುತ್ತದೆ. ಬೀದಿಯಲ್ಲಿ ನಡೆದುಹೋಗುವವನನ್ನು ಅಂಗಡಿಯೊಳಗಿಂದ ಒಂದು ಸಲ ನೋಡಿ, "ಎದೆ ಮೂವತ್ತೆಂಟು, ಸೊಂಟ ನಲವತ್ತು, ನಿನ್ನೆ ಊಟ ಸ್ವಲ್ಪ ಹೆಚ್ಚಾಗಿದೆ" ಎನ್ನಬಲ್ಲವರು. ಅವರು ಹೊಲಿದ ಪ್ಯಾಂಟಿಗೆ, ಲಂಗಕ್ಕೆ, ಪರದೆಗೆ, ದಿಂಬಿನ ಚೀಲಕ್ಕೆ ಕೂಡ ಎರಡಿಂಚು ಬಟ್ಟೆ ಹೆಚ್ಚು ಬಿಟ್ಟೇ ಇರುತ್ತಿತ್ತು. ಯಾರಾದರೂ ಯಾಕೆಂದು ಕೇಳಿದರೆ ಉತ್ತರ ಸಿದ್ಧ: "ಹೆಚ್ಚಿದ್ರೆ ಒಳಗೆ ಮಡಚಬಹುದು. ಕಮ್ಮಿಯಾದ್ರೆ ನಿಮ್ಮ ತಾತ ಬಂದು ಎಳೀತಾರಾ?" ಹೀಗಾಗಿ ಊರಿಗೆಲ್ಲ ಅವರು ಎರಡಿಂಚಿನ ಮಾಸ್ತರರು. ಬಿರುದು ಸಿಕ್ಕವರ ಹಾಗೆ ಆ ಹೆಸರನ್ನು ಅವರು ಎದೆಯುಬ್ಬಿಸಿಕೊಂಡೇ ಹೊತ್ತು ತಿರುಗುತ್ತಿದ್ದರು.

ಈ ಚಳಿಗಾಲ ಅತ್ತೆ ಬರುವ ದಿನ ಬೆಳಿಗ್ಗೆಯೇ ಷಡ್ಡಕನ ಫೋನು ಬಂತು.

"ಏನಯ್ಯ ತಮ್ಮ, ಸಂಜೆ ಅತ್ತೇನ ಕರ್ಕೊಂಡು ಬರ್ತಿದೀನಿ. ಸೌದೆ-ಗಿದೆ ಇದೆಯಾ? ಮನೆ ತಣ್ಣಗಿದ್ರೆ ಮೊದಲೇ ಹೇಳಿಬಿಡು. ಅವರ ಪೆಟ್ಟಿಗೆ ಟೆಂಪೋದಿಂದ ಇಳಿಸೋದೇ ಬೇಡ."

"ನೀವು ಅತ್ತೇನ ತನ್ನಿ ಭಾವ, ಸಾಕು. ಬೇಸಿಗೆ ನಾನು ತಯಾರು ಮಾಡಿಟ್ಟಿರ್ತೀನಿ" ಎಂದರು ಮಾಸ್ತರರು.

ಅಷ್ಟು ಧೈರ್ಯಕ್ಕೆ ಕಾರಣವಿತ್ತು. ಅಂಗಳದ ಮೂಲೆಯಲ್ಲಿ ಮೂರು ವರ್ಷದಿಂದ ಒಣಗಿ ನಿಂತಿದ್ದ ಮರ ಹಿಂದಿನ ದಿನದ ಗಾಳಿಗೆ ಉರುಳಿ, ಕಾಂಪೌಂಡಿನ ಗೋಡೆಗೆ ತಲೆಯಿಟ್ಟು ಮಲಗಿತ್ತು. ಕಬ್ಬಿಣದಂಥ ಮರ. ಮೊಳೆ ಹೊಡೆದರೆ ಮೊಳೆಯೇ ಕ್ಷಮೆ ಕೇಳಿ ಬಗ್ಗುತ್ತಿತ್ತು. ಅಂಥ ಸೌದೆ ಒಲೆಗೆ ಬಿದ್ದರೆ ಒಂದೇ ತುಂಡು ಬೆಳಗಿನ ತನಕ ಕೆಂಡವಾಗಿ ಕೂರುತ್ತದೆ.

"ಕೊಯ್ಯೋರು ಯಾರು?" ಎಂದಳು ಹೆಂಡತಿ. "ಒಲೆ ಒಳಗೆ ಹದಿನಾಲ್ಕೇ ಇಂಚು. ನೆನಪಿರಲಿ. ಒಲೆ ಬಾಗಿಲು ಮುಚ್ಚದಿದ್ರೆ ಹೊಗೆಯೆಲ್ಲ ಮನೆಗೇ."

"ಅಳತೆ ನನಗೆ ಹೇಳಿಕೊಡ್ತೀಯಾ? ಮಿಷನ್ ತರ್ತೀನಿ."

ಮಾಸ್ತರರು ಮರದ ಬಳಿ ಮಂಡಿಯೂರಿದರು. ಕೊರಳಿನ ಟೇಪು ತೆಗೆದು, ಗಿರಾಕಿಯ ಸೊಂಟಕ್ಕೆ ಸುತ್ತುವ ಹಾಗೇ ಮರದ ನಡುವಿಗೆ ಸುತ್ತಿದರು. ರೂಢಿಯಂತೆ ಒಂದು ಬೆರಳು ಒಳಗಿಟ್ಟರು. "ಹೊಟ್ಟೆ ಒಳಗೆಳ್ಕೋಬೇಡ, ಸಹಜವಾಗಿ ನಿಂತ್ಕೋ" ಎಂದು ಮರಕ್ಕೂ ಹೇಳಿದರು. ಸರಿಯಾಗಿ ಐವತ್ತು ಇಂಚು.

ಯಂತ್ರದ ಅಂಗಡಿಯವನು ಆಗತಾನೇ ಶಟರು ಎತ್ತಿ ಚಹಾ ಲೋಟ ಕೈಗೆತ್ತಿಕೊಂಡಿದ್ದ. ಗೋಡೆಯ ತುಂಬ ಚೈನ್ ಗರಗಸಗಳು ಮೊಸಳೆಯ ಸಂಸಾರದ ಹಾಗೆ ಸಾಲಾಗಿ ನೇತಾಡುತ್ತಿದ್ದವು.

"ಇವತ್ತೊಂದು ದಿನಕ್ಕೆ ಬಾಡಿಗೆಗೆ ಮಿಷನ್ ಬೇಕು. ಮರ ಗಟ್ಟಿ. ಯಾವ ಸೈಜು ತಗೊಳ್ಳಲಿ?"

"ಲೆಕ್ಕ ಸುಲಭ ಮಾಸ್ತರೇ. ಮರ ಎಷ್ಟು ದಪ್ಪವೋ ಅದಕ್ಕಿಂತ ಎರಡಿಂಚು ಉದ್ದದ ಬ್ಲೇಡು. ಗಟ್ಟಿ ಮರಕ್ಕೆ ಇಂಜಿನ್ನೂ ಅದಕ್ಕೆ ತಕ್ಕ ಹಾಗಿರಬೇಕು."

ಮಾಸ್ತರರ ಕಣ್ಣು ತುಂಬಿ ಬಂತು. "ಎಷ್ಟು ಹೆಚ್ಚು ಅಂದ್ರಿ?"

"ಎರಡಿಂಚು."

"ಇನ್ನೊಂದ್ಸಲ ಹೇಳಿ."

"ಎರಡಿಂಚು ಸ್ವಾಮಿ! ಯಾಕೆ?"

"ಏನಿಲ್ಲ. ಪ್ರಪಂಚಕ್ಕೆ ಈಗ ಬುದ್ಧಿ ಬರ್ತಿದೆ" ಎಂದು ಮಾಸ್ತರರು ಕಾಲರು ಸರಿಪಡಿಸಿಕೊಂಡರು. "ಮರ ಐವತ್ತು ಇಂಚು. ಐವತ್ತೆರಡರ ಬ್ಲೇಡು ಕೊಡಿ."

ಅಂಗಡಿಯವನ ಬಾಯಲ್ಲಿದ್ದ ಚಹಾ ಎದುರಿನ ಗೋಡೆಯನ್ನು ತಲುಪಿತು. "ಮನೆ ಅಂಗಳದಲ್ಲಿ ಐವತ್ತಿಂಚಿನ ಮರವಾ? ಅದು ನನ್ನ ಎದೆಮಟ್ಟಕ್ಕೆ ಬರುತ್ತಲ್ರೀ!"

"ಮಲಗಿದೆಯಲ್ಲ, ಹಾಗಾಗಿ ಅಷ್ಟು ಕಾಣಲ್ಲ."

"ಕೈಯಾರೆ ಅಳೆದ್ರಾ?"

ಕೇಳಬಾರದ ಪ್ರಶ್ನೆಯದು. ಮಾಸ್ತರರು ಅವನನ್ನು ನೋಡಿದ ನೋಟಕ್ಕೆ ಗೋಡೆಯ ಮೊಸಳೆಗಳೂ ಬಾಯಿ ಮುಚ್ಚಿದವು. ಅಂಗಡಿಯವನು ತೆಪ್ಪಗೆ ಒಳಗೆ ಹೋಗಿ, ಸಾಮಿಲ್ಲಿನವರು ಮಾತ್ರ ಕೇಳುವ ಮೂವತ್ತಾರು ಇಂಚಿನ ದೈತ್ಯನನ್ನು ಎಳೆದು ತಂದ. "ನನ್ನ ಹತ್ರ ಇರೋದ್ರಲ್ಲಿ ಇದೇ ದೊಡ್ಡದು. ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ ಕೊಯ್ಯಿರಿ. ಅಂಗಡಿ ಮುಚ್ಚೋದ್ರೊಳಗೆ ವಾಪಸ್ ತನ್ನಿ."

ಆ ಮಿಷನ್ನನ್ನು ಹೆಗಲಿಗೇರಿಸಿಕೊಂಡು ಮಾಸ್ತರರು ಬೀದಿಗಿಳಿದದ್ದೇ ತಡ, ಸುದ್ದಿ ಅವರಿಗಿಂತ ಮುಂದೆ ಓಡಿತು. ಬೇಕರಿಯವನು ಒಲೆಯಲ್ಲಿದ್ದ ಬ್ರೆಡ್ಡನ್ನು ಅದರ ಹಣೆಬರಹಕ್ಕೆ ಬಿಟ್ಟು ಹಿಂಬಾಲಿಸಿದ. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡಪ್ಪ ಮಡಚುವ ಕುರ್ಚಿ ಒಂದು ಕೈಯಲ್ಲಿ, ಹಳೇ ಸೀಟಿ ಇನ್ನೊಂದು ಕೈಯಲ್ಲಿ ಹಿಡಿದು ಬಂದರು. ಐವತ್ತಿಂಚಿನ ಮರ ನೋಡಲು ಬಂದವರಿಂದ ಅಂಗಳ ತುಂಬಿತು, ಗೋಡೆ ತುಂಬಿತು, ಎದುರುಮನೆಯ ಮಹಡಿಯೂ ತುಂಬಿತು.

"ರೀ, ಇದನ್ನ ಸೌದೆ ಕೊಯ್ಯೋಕೆ ತಂದ್ರೋ, ಸೇತುವೆ ಕೊಯ್ಯೋಕೋ?" ಎಂದಳು ಹೆಂಡತಿ.

ಮಾಸ್ತರರು ಮಿಷನ್ನನ್ನು ಮರದ ಮೇಲೆ ಅಡ್ಡಲಾಗಿ ಇಟ್ಟರು. ಬ್ಲೇಡು ಮರವನ್ನು ದಾಟಿ ಆಚೆ ಒಂದು ಮೊಳಕ್ಕೂ ಹೆಚ್ಚು ಹೊರಗೆ ಚಾಚಿಕೊಂಡಿತ್ತು, ಪುಟ್ಟ ಮಂಚದ ಮೇಲೆ ಮಲಗಿದ ಉದ್ದನೆಯ ನೆಂಟನ ಕಾಲಿನ ಹಾಗೆ.

"ಮಾಸ್ತರೇ," ಎಂದರು ಗಾರ್ಡಪ್ಪ ಕನ್ನಡಕ ಒರೆಸುತ್ತ, "ಐವತ್ತು ಅಂದ್ರಿ. ಮೂವತ್ತಾರರ ಬ್ಲೇಡೇ ಆಚೆ ಹೋಗಿದೆಯಲ್ಲ?"

ಸುತ್ತಳತೆಗೂ ಅಡ್ಡಳತೆಗೂ ಇರುವ ಅಂತರ ಮಾಸ್ತರರಿಗೆ ಆ ಕ್ಷಣದಲ್ಲಿ ಮಿಂಚಿನ ಹಾಗೆ ಹೊಳೆಯಿತು. ಆದರೆ ಅಳತೆ ತಪ್ಪಿತೆಂದು ಒಪ್ಪಿಕೊಳ್ಳುವ ನಾಲಿಗೆ ಅವರ ಬಾಯಲ್ಲಿರಲಿಲ್ಲ.

"ಕುಗ್ಗಿದೆ" ಎಂದರು.

"ಏನು ಕುಗ್ಗಿದೆ?"

"ಮರ. ಬೆಳಿಗ್ಗೆ ಇಬ್ಬನಿ ಬಿದ್ದಿತ್ತು, ಈಗ ಬಿಸಿಲು ಬಂತು. ಒಂದು ಒಗೆತಕ್ಕೆ ಕಾಟನ್ ಬಟ್ಟೆ ಎಷ್ಟು ಕುಗ್ಗುತ್ತೆ ಗೊತ್ತಾ ನಿಮಗೆ?"

ಬೇಕರಿಯವನು ತಲೆಯಾಡಿಸಿದ. "ನನ್ನ ಬ್ರೆಡ್ಡೂ ಹೊರಗೆ ತೆಗೆದ ಕೂಡ್ಲೇ ಕುಗ್ಗುತ್ತೆ." ಪರಿಣತನ ಸಾಕ್ಷಿ ಸಿಕ್ಕಿದ ಮೇಲೆ ಮತ್ಯಾರೂ ತಕರಾರು ತೆಗೆಯಲಿಲ್ಲ.

ಇನ್ನು ಚಾಲೂ ಮಾಡಬೇಕು. ಮಾಸ್ತರರು ಹಗ್ಗ ಎಳೆದರು, ಮಿಷನ್ ಕೆಮ್ಮಿತು. ಬೇಕರಿಯವನು ಎಳೆದ, ತೇಗಿತು. ಬೀದಿಯವರೆಲ್ಲ ಸರದಿಯಲ್ಲಿ ಎಳೆದು ತೋಳು ನೀವಿಕೊಂಡರು. ಕೊನೆಗೆ ಗಾರ್ಡಪ್ಪ ಬೇಸತ್ತು, ಕುರ್ಚಿಯಿಂದೆದ್ದು ಬಂದು, ಸೀಟಿ ಊದಿ, ಒಂದೇ ಸಲ ಎಳೆದರು. ಭೂಮಿ ಬಿರಿಯುವ ಸದ್ದಿನೊಂದಿಗೆ ದೈತ್ಯ ಎಚ್ಚೆತ್ತ.

ಮಾಸ್ತರರು ಮಿಷನ್ನನ್ನು ಹಿಡಿದಿದ್ದರೋ, ಮಿಷನ್ ಮಾಸ್ತರರನ್ನು ಹಿಡಿದಿತ್ತೋ ಹೇಳುವುದು ಕಷ್ಟ. ಅದು ಅವರನ್ನು ಅತ್ತ ಎಳೆಯಿತು, ಇತ್ತ ಎಳೆಯಿತು. ಮರದ ತೊಗಟೆಯನ್ನು ಮೂಸಿ ನೋಡಿತು. ಆಮೇಲೆ ಆಚೆ ಚಾಚಿಕೊಂಡಿದ್ದ ಬ್ಲೇಡು, ಅಲ್ಲೇ ಖಾಲಿ ನಿಂತಿದ್ದ ಗಾರ್ಡಪ್ಪನವರ ಕುರ್ಚಿಯನ್ನು ಬೆಣ್ಣೆಯ ಹಾಗೆ ಎರಡು ಹೋಳು ಮಾಡಿತು. ಮಿಷನ್ ಆರಿತು.

"ನಾನು ಈಗಷ್ಟೇ ಅದರ ಮೇಲಿಂದ ಎದ್ದೆ" ಎಂದರು ಗಾರ್ಡಪ್ಪ, ಬಹಳ ಮೆತ್ತಗೆ.

"ಮೊದಲು ಮಡಚ್ತಿದ್ದಿದ್ದು ಒಂದು ಕುರ್ಚಿ. ಈಗ ಎರಡಾಯ್ತು" ಎಂದು ಬೇಕರಿಯವನು ಸಮಾಧಾನ ಹೇಳಿದ.

ಮಾಸ್ತರರು ಮಿಷನ್ ಹೊತ್ತು ಮತ್ತೆ ಅಂಗಡಿಗೆ ಹೊರಟರು. ಹೊರಡುವ ಮೊದಲು, ಯಾರೂ ನೋಡದ ಹಾಗೆ, ಟೇಪನ್ನು ಮರದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹಿಡಿದರು. ಹದಿನಾರು.

"ಯಾಕೆ ಮಾಸ್ತರೇ, ಮುಗೀತಾ?" ಅಂಗಡಿಯವನು ಕೇಳಿದ.

"ಇದು ಟ್ರಯಲ್. ಯಾವ ಕೋಟಾದ್ರೂ ಮೊದಲ ಟ್ರಯಲ್‌ನಲ್ಲಿ ಕೂರುತ್ತಾ? ಸ್ವಲ್ಪ ಸಡಿಲ ಇದೆ. ಹದಿನೆಂಟರದ್ದು ಕೊಡಿ."

ಅಂಗಡಿಯವನು ಹದಿನೆಂಟರದ್ದನ್ನು ಕೊಟ್ಟ.

ಆ ಮಧ್ಯಾಹ್ನದ ವೈಭವವನ್ನು ಏನೆಂದು ಹೇಳುವುದು! ಹದಿನೆಂಟರ ಬ್ಲೇಡು ಮರದ ಮೇಲೆ ಇಟ್ಟರೆ ಆಚೆ ಕಂಡದ್ದು ಎಷ್ಟು? ಎರಡೇ ಇಂಚು. ಮಾಸ್ತರರು ಅದನ್ನು ಪ್ರತಿಯೊಬ್ಬರನ್ನೂ ಹತ್ತಿರ ಕರೆದು ತೋರಿಸಿದರು. ಬಳಿಕ ತಮ್ಮ ಅಂಗಡಿಯಿಂದ ಬಟ್ಟೆಯ ಮೇಲೆ ಗೆರೆ ಹಾಕುವ ಬಿಳಿ ಸೀಮೆಸುಣ್ಣ ತಂದು, ಮೂವತ್ತು ವರ್ಷದ ಕೈಚಳಕದಲ್ಲಿ ಒಲೆಯ ಅಳತೆಗೆ ಮರದುದ್ದಕ್ಕೂ ಗೆರೆ ಹಾಕಿದರು. ಕಣ್ಣುಮುಚ್ಚಿ ಹಾಕಿದರೂ ತಪ್ಪದ ಗೆರೆಗಳು. ಮಿಷನ್ ಒಂದೇ ಎಳೆತಕ್ಕೆ ಎದ್ದಿತು, ಪಳಗಿದ ಹಸುವಿನ ಹಾಗೆ ಗೆರೆ ಹಿಡಿದು ನಡೆಯಿತು. ಗಾರ್ಡಪ್ಪ ಕುರ್ಚಿಯ ದುಃಖ ಮರೆತು, ಒಂದೊಂದು ದಿಮ್ಮಿ ಬೀಳುವಾಗಲೂ ಸೀಟಿ ಊದಿದರು. ಬೇಕರಿಯವನು ಕೊಡಲಿಯಿಂದ ದಿಮ್ಮಿಗಳನ್ನು ಉದ್ದುದ್ದಕ್ಕೆ ಸೀಳಿದ. ಸಂಜೆಯಾಗುವುದರೊಳಗೆ ಗೋಡೆಯ ಪಕ್ಕದಲ್ಲಿ ಸೌದೆಯ ಒಟ್ಟಿಲು ಎದ್ದು ನಿಂತಿತು, ಇಸ್ತ್ರಿ ಮಾಡಿ ಅಟ್ಟಿ ಹಾಕಿದ ಅಂಗಿಗಳ ಹಾಗೆ. ಒಂದಕ್ಕೊಂದು ನೂಲಿನೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದು ಸೌದೆಯಲ್ಲ ಮಾಸ್ತರೇ, ಸೂಟು!" ಎಂದ ಬೇಕರಿಯವನು.

ಮಾಸ್ತರರು ಮಿಷನ್ ಒಪ್ಪಿಸಿ, ಶಟರು ಇಳಿಯುವುದನ್ನು ಕಣ್ಣಾರೆ ನೋಡಿ, ಗೆದ್ದ ಪೈಲ್ವಾನನ ಹಾಗೆ ಮನೆಗೆ ಬರುವಷ್ಟರಲ್ಲಿ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಅತ್ತೆ ಮೂರು ಶಾಲು ಹೊದ್ದು ಇಳಿದರು. ಹಿಂದೆಯೇ ಮೀಸೆ, ಮೀಸೆಯ ಹಿಂದೆ ಷಡ್ಡಕ. ಪೆಟ್ಟಿಗೆ ಮಾತ್ರ ಇನ್ನೂ ಟೆಂಪೋದಲ್ಲೇ ಇತ್ತು.

"ಎಲ್ಲಯ್ಯ ನಿನ್ನ ಬೇಸಿಗೆ?"

"ಒಳಗೆ ಬನ್ನಿ ಭಾವ. ಕೋಟು ಬಿಚ್ಚಿಟ್ಟು ಬನ್ನಿ."

ಒಲೆಯ ಮುಂದೆ ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಂತರು. ಮಾಸ್ತರರು ಅತ್ಯಂತ ಚಂದದ ತುಂಡನ್ನು ಆರಿಸಿ, ಒರೆಸಿ, ಒಲೆಯೊಳಗೆ ತಳ್ಳಿದರು. ಬಾಗಿಲು ಮುಚ್ಚಿದರು. ಬಾಗಿಲು ಮುಚ್ಚಲಿಲ್ಲ. ಇನ್ನೊಂದು ತುಂಡು ಹಾಕಿದರು. ಅದೂ ಒಲೆಯ ಬಾಯಿಂದ ನಾಲಿಗೆಯ ಹಾಗೆ ಹೊರಗೆ ಚಾಚಿತು. ಮತ್ತೊಂದು. ಅದೂ ಅಷ್ಟೇ, ಎಲ್ಲವೂ ಒಂದೇ ಸಮ, ನೂಲಿನೆಳೆಯಷ್ಟೂ ವ್ಯತ್ಯಾಸವಿಲ್ಲ.

"ರೀ," ಎಂದಳು ಹೆಂಡತಿ, ಅಪಾಯದ ಮುನ್ಸೂಚನೆಯ ದನಿಯಲ್ಲಿ. "ಹದಿನಾಲ್ಕು ಅಂದಿದ್ದೆ. ಎಷ್ಟಕ್ಕೆ ಗೆರೆ ಹಾಕಿದ್ರಿ?"

"ಹದಿನಾಲ್ಕಕ್ಕೇ ಹಾಕಿದೆ" ಎಂದರು ಮಾಸ್ತರರು. ಆಮೇಲೆ ಅವರ ದನಿ ಕೆಳಗಿಳಿಯಿತು. "ಮತ್ತೆ... ಯಾವಾಗಲೂ ಬಿಡೋ ಹಾಗೆ..."

"ಎರಡಿಂಚು?"

"ಹೆಚ್ಚಿದ್ರೆ ಒಳಗೆ..." ಎಂದು ಆರಂಭಿಸಿದ ಮಾಸ್ತರರು, ಕೈಯಲ್ಲಿದ್ದ ಸೌದೆಯನ್ನು ನೋಡಿ, ಮಾತನ್ನು ಅಲ್ಲೇ ನುಂಗಿದರು.

"ಮಡಚಿ" ಎಂದಳು ಹೆಂಡತಿ. "ಮಡಚಿ ನೋಡೋಣ."

ಬೇಕರಿಯವನು ಕೊಡಲಿ ಬೀಸಿ ತುಂಡನ್ನು ಅಡ್ಡಕ್ಕೆ ಕಡಿಯಲು ನೋಡಿದ. ಆ ಕಬ್ಬಿಣದಂಥ ಮರ ಕೊಡಲಿಯನ್ನೇ ಹಿಂದಕ್ಕೆ ಕಳಿಸಿತು. ಬಾಗಿಲು ತೆರೆದೇ ಹೊತ್ತಿಸಿ ನೋಡಿದರು. ಮನೆಯೊಳಗೆ ಹೊಗೆ ತುಂಬಿ ಗಾರ್ಡಪ್ಪ ರೈಲು ಬಂತೆಂದು ಸೀಟಿ ಊದಿದರು. ಯಂತ್ರದ ಅಂಗಡಿಗೆ ಬೀಗ ಬಿದ್ದಾಗಿತ್ತು. ಅತ್ತೆಯ ಮೂಗು ನಡುಗತೊಡಗಿತು.

ಷಡ್ಡಕ ಅಷ್ಟು ಹೊತ್ತೂ ಒಂದು ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ತಮ್ಮ, ಇದು ಎಷ್ಟು, ಹದಿನಾರಾ? ನಮ್ಮ ಒಲೆ ಹದಿನಾರೂ ಚಿಲ್ಲರೆ ಕಣಯ್ಯ! ಇಂಥ ಸೌದೆ ಇಲ್ಲಿ ಸುಮ್ನೆ ಕೊಳೆಯೋದ್ಯಾಕೆ?"

ಮಾಸ್ತರರು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಶಾಲು ಬಿಗಿದುಕೊಂಡು ಟೆಂಪೋ ಹತ್ತಿಯಾಗಿತ್ತು. ಬೀದಿಯವರೆಲ್ಲ ಸಾಲುಗಟ್ಟಿ ನಿಂತು, ಒಟ್ಟಿಲನ್ನು ಕೈಯಿಂದ ಕೈಗೆ ದಾಟಿಸಿ, ಚಿಟಿಕೆ ಹೊಡೆಯುವಷ್ಟರಲ್ಲಿ ತುಂಬಿಸಿದರು. "ಅಮ್ಮನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ" ಎಂದು ಹೆಂಡತಿಯೂ ಹತ್ತಿದಳು. ಷಡ್ಡಕ ಕೈಬೀಸಿದ; ಟೆಂಪೋ ಹೋಯಿತು. ಅಂಗಳದಲ್ಲಿ ಉಳಿದದ್ದು ಒಂದಿಷ್ಟು ಮರದ ಹೊಟ್ಟು, ಕುರ್ಚಿಯ ಎರಡು ಹೋಳು.

ಊಟದ ಹೊತ್ತಿಗೆ ಫೋನು ಬಂತು. ಮಾಸ್ತರರು ಗಿರಾಕಿಗಳ ಮೂರು ಕೋಟುಗಳನ್ನು ಒಂದರ ಮೇಲೊಂದು ಹಾಕಿಕೊಂಡು, ತಣ್ಣನೆಯ ಒಲೆಗೆ ಬೆನ್ನು ಕೊಟ್ಟು ಕೂತಿದ್ದರು.

"ತಮ್ಮ!" ಷಡ್ಡಕನ ದನಿ ಬೆವರುತ್ತಿತ್ತು. "ಏನು ಅಳತೆ ಕಣಯ್ಯ ಅದು! ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಬಾಗಿಲು ಟಪ್ ಅಂತ ಮುಚ್ಕೊಳ್ತು. ಅತ್ತೆ ಮೂರೂ ಶಾಲು ತೆಗೆದು ಕಿಟಕಿ ತೆಗೀರಿ ಅಂತಿದಾರೆ. ನಮ್ಮ ಒಲೆ ನೋಡಿಯೇ ಕೊಯ್ದ ಹಾಗಿದೆ!"

ಮಾಸ್ತರರ ಬೆನ್ನು ತಾನಾಗಿ ನೆಟ್ಟಗಾಯಿತು. ಮೂರು ಕೋಟುಗಳ ಒಳಗಿಂದ ಎದೆ ಉಬ್ಬಿ, ಮೇಲಿನ ಕೋಟಿನ ಗುಂಡಿಯೊಂದು ಹಾರಿ ಒಲೆಗೆ ಬಡಿದು ಟಣ್ಣೆಂದಿತು.

"ಮೂವತ್ತು ವರ್ಷದಲ್ಲಿ ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ದುಂಟಾ ಭಾವ?" ಎಂದು ಕೇಳಿದರು. ಕೇಳಿ, ಫೋನಿಟ್ಟು, ಸೀನಿದರು.

ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದಕ್ಕೆ ಹೋಯಿತು. ಅಂದಿನಿಂದ ಅದು ಸರಿಯಾದ ಸಮಯ ತೋರಿಸುತ್ತಿದೆ.