ಮಾವನ ಬೀಟೆ ಮಹಡಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿತ್ತು ಎಂದು ಗುಂಡ್ಲುಪೇಟೆಯವರು ಯಾರಾದರೂ ಹೇಳಿದರೆ ನಂಬಬೇಡಿ. ತಲೆ ಸರಿಯಾಗಿಯೇ ಇತ್ತು. ಅದನ್ನು ಉಪಯೋಗಿಸುವ ಅಭ್ಯಾಸ ಮಾತ್ರ ಇರಲಿಲ್ಲ! ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿಕೊಂಡು ಮನೆಯ ನೆಲಕ್ಕೆ ಇಸ್ತ್ರಿ ಹಾಕುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಐವತ್ತರ ದಶಕದಲ್ಲಿ ಅಲ್ಲಿನ ಶಾಲೆಗೆ ಮೇಡಮ್ಮಾಗಿ ಬಂದು, ಮಾವನ ಮನೆಯಲ್ಲೇ ಉಳಿದಿದ್ದ ನನಗೆ ಆ ಭಾಗ್ಯ ಒದಗಿತ್ತು.

ಮಾವನದು ಬಟ್ಟೆ ಅಂಗಡಿ. ಘಟ್ಟದಾಚೆ ತನ್ನೂರಿಗೆ ಹೊರಟಿದ್ದ ಒಬ್ಬ ಮಲೆಯಾಳಿಯಿಂದ ಅವರು ಮಹಡಿ ಮನೆ ಕೊಂಡರು. ಕೆಳಗೆಲ್ಲ ಕಲ್ಲು ಚಪ್ಪಡಿ, ಮೇಲೆ ಮರದ ಹಲಗೆಯ ನೆಲ. ಆ ಹಲಗೆಗಳಿಗೆ ಪುಣ್ಯಾತ್ಮ ಹಸಿರು ಬಣ್ಣ ಬಳಿಸಿದ್ದ. ಎಂಥ ಹಸಿರು! ಗಿಳಿ ಬಂದು ಕುಳಿತರೂ ಕಾಣುತ್ತಿರಲಿಲ್ಲ.

“ಬಣ್ಣದಡಿ ಯಾವ ಮರ?” ಎಂದು ಮಾವ ಕೇಳಿದ್ದಕ್ಕೆ ಅವನು, “ವೀಟ್ಟಿಲೆ ಮರಂ” ಎಂದನಂತೆ. ಮಲೆಯಾಳಿ ಗಿರಾಕಿಗಳಿಗೆ ಪಂಚೆ ಮಾರಿ ಮಾರಿ ಮಾವ ನಾಲ್ಕಕ್ಷರ ಮಲೆಯಾಳ ಕಲಿತಿದ್ದರು. ಕಪ್ಪಗೆ ಮಿರುಗುವ ದುಬಾರಿ ಬೀಟೆ ಮರಕ್ಕೆ ಅವರು ‘ವೀಟ್ಟಿ’ ಅನ್ನುತ್ತಾರೆ ಎಂಬುದು ಆ ನಾಲ್ಕರಲ್ಲಿ ಒಂದು. ಮುಗಿಯಿತಲ್ಲ!

“ಬೀಟೆ ಕಣಮ್ಮಿ! ಇಡೀ ಮಹಡೀನೇ ಬೀಟೆ! ಮಾರ್ದೋನ್ಗೆ ಅದ್ರ ಬೆಲೆನೇ ಗೊತ್ತಿಲ್ಲ!”

ಬೀಟೆಯೋ ಬೇವೋ, ಮನೆ ಹೊಕ್ಕ ಕೆಲವೇ ದಿನಕ್ಕೆ ನಮ್ಮ ಅತ್ತೆ ಆ ನುಣುಪು ಬಣ್ಣದ ಮೇಲೆ ಒದ್ದೆ ಕಾಲಿಟ್ಟು ಜಾರಿ ಬಿದ್ದು, ಪಾದ ಉಳುಕಿಸಿಕೊಂಡರು. ಚಾಮರಾಜನಗರದಲ್ಲಿ ಅರಿಸಿನದ ವ್ಯಾಪಾರ ಮಾಡುತ್ತಿದ್ದ ಅವರ ಅಪ್ಪ, ಎಲ್ಲರ ಬಾಯಲ್ಲೂ ‘ಯಜಮಾನರು’, ಸುದ್ದಿ ತಿಳಿದೊಡನೆ ಬಂದು ಮಗಳನ್ನು ಹೊರಡಿಸಿಕೊಂಡು ನಿಂತರು. ಅಳಿಯ ಅಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಾವ ಸುಮ್ಮನಿರಬೇಕೋ ಬೇಡವೋ? “ಬಣ್ಣ ತಗದ್ರೆ ಕೆಳ್ಗೆ ಅಪ್ಪಟ ಬೀಟೆ ಅದೆ” ಎಂದುಬಿಟ್ಟರು.

“ಅಂಗೋ? ಬೀಟೆ ಕಾಣ್ಲಿ, ಮಗಳ್ನ ಕಳಿಸ್ಕೊಡ್ತೀನಿ. ಅಲ್ಲೀಗಂಟ ನಮ್ಮನೇಲೇ ಇರ್ತಾಳೆ” ಎಂದು ಯಜಮಾನರು ಬಸ್ಸು ಹತ್ತಿದರು.

ಅತ್ತೆಯಿಲ್ಲದ ಮನೆಯಲ್ಲಿ ಮಾವ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದರು. ಆದರೆ ಕನಿಕರಪಡಲು ಅವರು ಬಿಡಬೇಕಲ್ಲ! ಮೊದಲು ನನ್ನ ಸೀಗೆಪುಡಿ ಡಬ್ಬವೇ ಖಾಲಿಯಾಯಿತು. ಬಣ್ಣ ಕದಲಲಿಲ್ಲ. ಆಮೇಲೆ ಹುಣಸೆಹಣ್ಣು. ಹಿತ್ತಾಳೆ ಚೊಂಬಿನ ಕಿಲುಬು ಬಿಡಿಸುವ ಹುಣಸೆಹಣ್ಣು ನೆಲದ ಬಣ್ಣ ಬಿಡಿಸದೇ ಇರುತ್ತದೆಯೇ ಎಂಬುದು ಅವರ ತರ್ಕ. ಉಜ್ಜಿ ತೊಳೆದರೆ ಹಸಿರು ಮೊದಲಿಗಿಂತ ಫಳಫಳ ಹೊಳೆಯಿತು! ಸಿಟ್ಟಿಗೆದ್ದ ಮಾವ ಸುಣ್ಣಕ್ಕೆ ಸೋಡ ಕಲಸಿ ನೆಲದ ತುಂಬ ಸುರಿದರು. ಹಲಗೆ ಸಂದಿಯಿಂದ ಅದು ಕೆಳಗೆ ಮುದ್ದೆ ತೊಳಸುತ್ತಿದ್ದ ನನ್ನ ತಲೆಯ ಮೇಲೆ ತೊಟಕ್ಕೆಂದು ಬಿತ್ತು.

“ಮಾವಾ, ನನ್ ತಲೆಕೂದ್ಲು ಓಯ್ತು!”

“ನಿಂದು ಬುಡಮ್ಮಿ, ಮತ್ತೆ ಬೆಳೀತದೆ. ಬಣ್ಣ ಓಯ್ತಾ ಬಂದು ನೋಡು!”

ಕೊನೆಗೆ ಕೈಹಿಡಿದದ್ದು ಇಸ್ತ್ರಿಪೆಟ್ಟಿಗೆ. ಕೆಂಡದ ಬಿಸಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬುತ್ತಿತ್ತು, ಮಾವ ಅದನ್ನು ಅತ್ತೆಯ ತುರಿಮಣೆಯ ಹಲ್ಲಿನಿಂದ ಕೆರೆಯುತ್ತಿದ್ದರು. ವಾಸನೆಗೆ ಕೇರಿಯೇ ಮೂಗು ಮುಚ್ಚಿಕೊಂಡಿತು.

“ಏನವ್ವಾ, ನಿಮ್ ಮಾವ ನೆಲಕ್ಕೆ ಇಸ್ತ್ರಿ ಆಕ್ತಾವ್ರಂತೆ?” ಎಂದು ಪಕ್ಕದ ಮನೆಯಾಕೆ ಕೇಳಿದರು.

“ಊಂ, ನಾಳೆ ಗೋಡೆಗೆ ಗಂಜಿ ಆಕ್ತಾರೆ!” ಎಂದೆ.

ಹಸಿರು ಹೋಯಿತು, ಕೆಳಗೆ ನೀಲಿ! ನೀಲಿ ಹೋಯಿತು, ಕೆಳಗೆ ಕೆಂಪು! ಮಾವ ಕುಣಿದಾಡಿದರು. ಬೀಟೆ ಹತ್ತಿರ ಬಂತು ಎಂದು ಲೆಕ್ಕ ಹಾಕಿ, “ಬೀಟೆ ಕಾಣಿಸ್ಕಂತು, ಅವ್ಳನ್ನ ಕರ್ಕಂಡ್ ಬನ್ನಿ” ಎಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಚಾಮರಾಜನಗರಕ್ಕೆ ಹೇಳಿ ಕಳುಹಿಸಿಯೂ ಬಿಟ್ಟರು. ಕೂಸು ಹುಟ್ಟುವ ಮೊದಲೇ ಕುಲಾವಿ!

ಕೆಂಪೂ ಹೋಯಿತು. ಕೆಳಗೆ ಹಳದಿ. ಅದೂ ಬಣ್ಣವೇ ಎಂದು ಮಾವ ಮತ್ತೆ ಇಸ್ತ್ರಿ ಉಜ್ಜಿದರು. ಕರಕಲು ವಾಸನೆ ಬಂತು, ಹಳದಿ ಹೋಗಲಿಲ್ಲ. ಅಷ್ಟರಲ್ಲಿ ಸಂತೆಗೆಂದು ಬಂದಿದ್ದ ಆ ಮಲೆಯಾಳಿ, ಮಾರಿದ ಮನೆಯನ್ನೊಮ್ಮೆ ನೋಡಲು ಮೇಲೆ ಹತ್ತಿ ಬಂದವನು ಎದೆಯ ಮೇಲೆ ಕೈಯಿಟ್ಟುಕೊಂಡ.

“ಅಯ್ಯೋ ಸ್ವಾಮೀ! ಅದು ಬಣ್ಣ ಅಲ್ಲ, ಮರ! ಹಲಸಿನ ಮರ!”

“ವೀಟ್ಟಿ ಅಂದ್ಯಲ್ಲಯ್ಯಾ!”

“ವೀಟ್ಟಿ ಅಲ್ಲ, ವೀಟ್ಟಿಲೆ! ಅಂದ್ರೆ ಮನೇದು! ಊರಲ್ಲಿ ನಮ್ಮ ಮನೆ ಹಿಂದೆ ಇದ್ದ ಮರ!”

ಒಂದು ‘ಲೆ’ ಎಂಥ ಅನಾಹುತ ಮಾಡಿತ್ತು ನೋಡಿ! ಅವನು ಹೋದ ಮೇಲೂ ಮಾವ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದರು. ಕರಕಲಾದ ಹಲಗೆಯನ್ನು ಸವರುತ್ತ, “ಇದ್ಲು ತೇದು ಬಳಿದ್ಬುಡನಾ ಅಮ್ಮಿ? ಬೀಟೆ ಅಂಗೇ ಕಾಣ್ತದೆ” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಯಜಮಾನರ ಕೆಮ್ಮು ಕೇಳಿಸಿತು.

ಯಜಮಾನರು ಮುಂದೆ, ಅತ್ತೆ ಹಿಂದೆ. ಅತ್ತೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು.

“ಎಲ್ಲಿ ನಿನ್ ಬೀಟೆ?”

ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅತ್ತೆ ಬರಿಗಾಲಲ್ಲಿ ನೆಲದ ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ಜಾರಲಿಲ್ಲ. ಮಾವನ ಹತ್ತಿರ ಬಂದು ಅವರ ಕೈಗಳನ್ನು ಮುಂದಕ್ಕೆ ಎಳೆದುಕೊಂಡರು. ಅಂಗೈಯೆಲ್ಲ ಬೊಬ್ಬೆ, ಸುಣ್ಣಕ್ಕೆ ಬೆಂದು ಸುಲಿದ ಬೆರಳು. ಅತ್ತೆಯ ಕಣ್ಣು ತುಂಬಿ ಬಂತು. ಆ ಕೈಗಳನ್ನು ಬಿಡದೆಯೇ ಅಪ್ಪನ ಕಡೆ ತಿರುಗಿದರು.

“ಇದೇ ಕಣಪ್ಪ ಬೀಟೆ. ನಮ್ ಗುಂಡ್ಲುಪೇಟೆ ಬೀಟೆ ಅಳದಿಯಾಗೇ ಇರೋದು.”

ಯಜಮಾನರು ಬಗ್ಗಿ ಹಲಗೆಯ ಮೇಲೆ ಬೆರಳಾಡಿಸಿದರು. ಅಳಿಯನ ಕೈ ನೋಡಿದರು, ಮಗಳ ಮುಖ ನೋಡಿದರು.

“ಊಂ ಕಣವ್ವ, ಬೀಟೇನೇ. ಒಳ್ಳೆ ಜಾತೀದು” ಎಂದರು. ಆಮೇಲೆ ನನ್ನತ್ತ ನೋಡಿ, “ಇವ್ಳ ಟ್ರಂಕು ಕೆಳಗದೆ, ಮೇಲಕ್ಕೆ ತರ್ಸವ್ವ” ಎಂದರು.