ತೂತಿನ ಮಿಷನ್ನೂ ಒಂದು ತೊಟ್ಟು ರಕ್ತವೂ

ಹುಣಸೂರಿನ ನಮ್ಮ ಹಿತ್ತಿಲ ಕೊಟ್ಟಿಗೆಗೆ ಕಾಲಿಟ್ಟವರು ನಗದೆ ಹೊರಗೆ ಬಂದದ್ದು ಕಡಿಮೆ. ಕೆಲವರು ಬೈದುಕೊಂಡು ಬಂದದ್ದುಂಟು. ಅವರನ್ನು ನೋಡಿ ಉಳಿದವರು ನಕ್ಕಿದ್ದಾರೆ, ಅಲ್ಲಿಗೆ ಸರಿಹೋಯಿತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕೊಡಗಿನ ಒಬ್ಬ ಬಿಳಿಯ ದೊರೆ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅವನ ಡ್ರಿಲ್ಲಿಂಗ್ ಮಿಷನ್ನನ್ನು ನಾನು ಕೊಂಡೆ. ಎತ್ತಿನ ಗಾಡಿಯಲ್ಲಿ ತಂದು, ಎಮ್ಮೆಯ ಪಕ್ಕದಲ್ಲಿ ನಿಲ್ಲಿಸಿ, ಕರೆಂಟು ಕೊಡಿಸಿದೆ. ಹಗಲು ನಾನು ಶಾಲೆಯಲ್ಲಿ ಕೈಕಸುಬಿನ ಮೇಷ್ಟ್ರು, ಸಂಜೆ ಈ ಮಿಷನ್ನಿನ ಯಜಮಾನ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಇಷ್ಟೂ ತಾಲ್ಲೂಕುಗಳಲ್ಲಿ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಂಡವನು ನಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅಲ್ಲವೆಂದು ಇವತ್ತಿನವರೆಗೂ ಯಾರೂ ಸಾಬೀತು ಮಾಡಿಲ್ಲ.

ಹಾರಿದ ಮುಚ್ಚಳ

ಮೊದಲ ಕೆಲಸ ಮನೆಯದೇ. ಹಿತ್ತಾಳೆ ತಪ್ಪಲೆಯ ಮುಚ್ಚಳಕ್ಕೆ ಹಿಡಿ ಕೂರಿಸಲು ನಡುವೆ ಒಂದು ತೂತು ಬೇಕಿತ್ತು. ಇಷ್ಟಕ್ಕೆಲ್ಲ ಬಿಗಿದು ಕಟ್ಟುವುದೇನು ಎಂದು ಎಡಗೈಯಲ್ಲಿ ಮುಚ್ಚಳ ಒತ್ತಿ ಹಿಡಿದು, ಬಲಗೈಯಲ್ಲಿ ಮಿಷನ್ನಿನ ತೂತು ಕೊರೆಯುವ ಬೈರಿಗೆ ಇಳಿಸಿದೆ. ತೂತು ಇನ್ನೇನು ಆಚೆ ಹೊರಡಬೇಕು, ಆ ಗಳಿಗೆಯಲ್ಲೇ ಬೈರಿಗೆ ತಗಡನ್ನು ಕಚ್ಚಿಬಿಡುತ್ತದೆ ಎಂಬ ಜ್ಞಾನ ನನಗೆ ಆಗ ಬಂತು. ಮುಚ್ಚಳ ನನ್ನ ಕೈ ಕೊಡವಿಕೊಂಡು ಗಿರ್ರನೆ ತಿರುಗಿ, ಎಮ್ಮೆಯ ಬೆನ್ನ ಮೇಲೆ ಹಾರಿ, ಬೇಲಿ ದಾಟಿ ಹೋಯಿತು.

ಸದ್ದಿಗೆ ಓಡಿಬಂದ ಹೆಂಡತಿ ನನ್ನ ಬೆರಳುಗಳನ್ನೆಲ್ಲ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು. ಆಮೇಲೆ ಹೇಳಿದಳು: "ಕೇಳಿ. ಈ ಕೊಟ್ಟಿಗೇಲಿ ಒಂದೇ ಒಂದು ತೊಟ್ಟು ರಕ್ತ ಬಿದ್ರೆ, ಮಾರನೇ ದಿನವೇ ನಿಮ್ಮ ಮಿಷನ್ ಗುಜರಿಗೆ. ನಂಜುಂಡೇಶ್ವರನ ಆಣೆ."

ಅವಳು ಆಣೆ ಇಟ್ಟರೆ ಮುಗಿಯಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಮೇಲೆ ಮುಖ ತೋರಿಸಿದಳು. "ಮೇಷ್ಟ್ರೇ, ಮುಚ್ಚಳ ಬಂತು ಕಣ್ರೀ. ತಪ್ಪಲೆ ಯಾವಾಗ ಬತ್ತದೆ?"

ಪೈಲ್ವಾನರ ಪಟ್ಟು

ಆ ವಾರವೇ ಮಿಷನ್ನಿನ ಹಲಗೆಗೆ ಬೋಲ್ಟು ಹಾಕಿ ಒಂದು ದಪ್ಪ ಇಕ್ಕಳ ಕೂರಿಸಿದೆ. ಎರಡು ದವಡೆಯ ನಡುವೆ ವಸ್ತು ಇಟ್ಟು ತಿರುಪು ತಿರುಗಿಸಿದರೆ, ಅದು ಜಪ್ಪಯ್ಯ ಅಂದರೂ ಕದಲುವಂತಿರಲಿಲ್ಲ. ಬಿಗಿಯದೆ ತೂತಿಲ್ಲ ಎಂಬುದು ನಮ್ಮ ಕೊಟ್ಟಿಗೆಯ ಕಾನೂನಾಯಿತು.

ಕಾನೂನು ಮುರಿಯಲು ಹನಗೋಡಿನಿಂದ ಒಬ್ಬ ಪೈಲ್ವಾನ ಬಂದ. ಗಾಡಿಯ ಕಬ್ಬಿಣದ ಪಟ್ಟಿಗೆ ತೂತು ಬೇಕಂತೆ. ಇಕ್ಕಳ ಕಂಡು ಅವನಿಗೆ ಅವಮಾನವಾಯಿತು. "ಏನ್ ಮೇಷ್ಟ್ರೇ, ಓಡೋ ಎತ್ತಿನ ಕೊಂಬು ಇಡ್ದು ನಿಲ್ಸೋ ಕೈ ಇದು. ಒಂದ್ ಪಟ್ಟಿ ಇಡ್ಕಳಕ್ಕಾಗಲ್ವಾ?" ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಪಟ್ಟಿಯನ್ನು ಹಲಗೆಯ ಮೇಲೆ ಅಮುಕಿ ಹಿಡಿದು, ತಾನೇ ಬೈರಿಗೆ ಇಳಿಸಿದ. ತೂತಿನ ಕೊನೆಗೆ ಬೈರಿಗೆ ಕಚ್ಚಿತು. ಪಟ್ಟಿ ಒಂದು ಸುತ್ತು ಬಂದು ಅವನ ಪಕ್ಕೆಗೆ ಬಡಿಯಿತು. ಪೈಲ್ವಾನ ಹುಲ್ಲಿನ ಮೆದೆಯ ಮೇಲೆ ಬೆನ್ನು ಹಚ್ಚಿ ಬಿದ್ದ.

ನಾನು ಮೊದಲು ನೋಡಿದ್ದು ರಕ್ತ ಬಂತೇ ಎಂದು. ಇಲ್ಲ. ಆಮೇಲೆ ಎಬ್ಬಿಸಿದೆ. ಅವನು ಮೈ ಕೊಡವಿ, ಕುಸ್ತಿಗೆ ಇಳಿಯುವವನಂತೆ ತನ್ನ ತೊಡೆ ಮುಟ್ಟಿ ಮಿಷನ್ನಿಗೆ ಸಲಾಮು ಹೊಡೆದು ಕೇಳಿದ: "ಇದ್ರ ತಾಲೀಮು ಯಾವ್ ಗರಡೀಲಿ ಮೇಷ್ಟ್ರೇ?"

ಅಂದಿನಿಂದ ಅವನು ಇಕ್ಕಳದ ಪರಮ ಭಕ್ತ. ಯಾರು ಏನು ತಂದರೂ ತಾನೇ ಬಿಗಿಯುತ್ತಿದ್ದ, ಸಾಕು ಅಂದರೂ ಇನ್ನೊಂದು ಸುತ್ತು ಸೇರಿಸಿ.

ದೊರೆಯ ಮೂತಿ

ಪಿರಿಯಾಪಟ್ಟಣದ ಒಬ್ಬ ಅಜ್ಜಿ ಇಂಗ್ಲೆಂಡಿನ ದೊರೆಯ ಮುಖವಿದ್ದ ಹಳೇ ಬೆಳ್ಳಿ ರೂಪಾಯಿ ತಂದಳು. ಮೊಮ್ಮಗುವಿನ ಉಡಿದಾರಕ್ಕೆ ಪೋಣಿಸಬೇಕಂತೆ. ತಾನೇ ಬೆರಳಲ್ಲಿ ಹಿಡಿದುಕೊಳ್ಳುತ್ತೇನೆಂದು ಹಟ ಹಿಡಿದಳು. ನಾನು ಒಪ್ಪದೆ, ಬೆಳ್ಳಿಗೆ ಗೀರು ಬೀಳದಂತೆ ಎರಡು ಮರದ ತುಂಡಿನ ನಡುವೆ ನಾಣ್ಯವಿಟ್ಟು ಇಕ್ಕಳದಲ್ಲಿ ಬಿಗಿಯತೊಡಗಿದೆ.

"ಮೆಲ್ಲಕೆ ಕಣಪ್ಪ, ದೊರೆ ಮೂತಿ ಅಪ್ಪಚ್ಚಿ ಆದಾತು."

"ಅಜ್ಜಿ, ಆ ದೊರೆಯ ರಾಜ್ಯವೇ ಹೋಯಿತಲ್ಲ, ಇನ್ನು ಮೂತಿ ಕಟ್ಟಿಕೊಂಡು ಏನು?"

ಅಜ್ಜಿ ಇಕ್ಕಳ ನೋಡಿದಳು, ನಾಣ್ಯ ನೋಡಿದಳು. "ಅಂಗಾರೆ ಅವ್ನ ತಾವ ಇಂತದ್ದು ಇರ್ನಿಲ್ಲ ಅನ್ನು."

ಆಯುಧಪೂಜೆ

ಹೀಗೆ ವರ್ಷಗಳು ಕಳೆದರೂ ಒಂದು ತೊಟ್ಟು ರಕ್ತ ಬೀಳಲಿಲ್ಲ. ನನ್ನ ಎದೆ ಉಬ್ಬಿ, ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಆ ಸಲದ ಆಯುಧಪೂಜೆಗೆ ಮಿಷನ್ನು ತೊಳೆದು, ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿದೆವು. ದೃಷ್ಟಿ ತೆಗೆಯಲು ಬೂದುಗುಂಬಳ ತಂದದ್ದು ಪೈಲ್ವಾನನೇ. ಅದಕ್ಕೆ ತೂತು ಕೊರೆದು, ಕುಂಕುಮದ ನೀರು ತುಂಬಿ, ಆಮೇಲೆ ಒಡೆಯಬೇಕು. ಎಲ್ಲರೂ ಚಾಕುವಿನಿಂದ ಕೊರೆಯುತ್ತಾರೆ. ನನ್ನ ಜಂಬ ಬಿಡಬೇಕಲ್ಲ. "ಕುಂಬಳಕಾಯಿಗೂ ಮಿಷನ್ನಲ್ಲೇ ತೂತು" ಎಂದೆ.

ಇಕ್ಕಳದಲ್ಲಿಟ್ಟು ಹದವಾಗಿ ಬಿಗಿದು, ಲಕ್ಷಣವಾಗಿ ಕೊರೆದೆ. ಕಾಯಿ ಅಲ್ಲೇ ಕೂತಿರಲೆಂದು ಕುಂಕುಮದ ನೀರನ್ನೂ ಅಲ್ಲೇ ತುಂಬಿದೆ. ಬಾಗಿಲಿಗೆ ಹೋಗಿ ಹೆಂಡತಿಯಿಂದ ಕರ್ಪೂರ ಇಸಿದುಕೊಂಡೆ. ಹಿಂದಿನಿಂದ ಪೈಲ್ವಾನನ ಮಾತು ಕೇಳಿಸಿತು: "ವಸಿ ಸಡ್ಲ ಅದೆ ಮೇಷ್ಟ್ರೇ, ಇನ್ನೊಂದು ಸುತ್ತು..."

ಢಬ್ ಎಂದಿತು.

ತಿರುಗಿದರೆ ಗೋಡೆ ಕೆಂಪು, ಎಮ್ಮೆ ಕೆಂಪು. ಪೈಲ್ವಾನ ನೆತ್ತಿಯಿಂದ ಪಾದದವರೆಗೆ ಕೆಂಪು. ತನ್ನ ಎರಡು ಕೈ ನೋಡಿಕೊಂಡು "ಅವ್ವಾ, ಸತ್ತೆ!" ಎಂದವನೇ ದೊಪ್ಪನೆ ಬಿದ್ದು ಜ್ಞಾನ ತಪ್ಪಿದ. ಹೆಂಡತಿ ಬಾಗಿಲಲ್ಲಿ ನಿಂತು "ಬಿತ್ತಲ್ಲ ರಕ್ತ!" ಎಂದು ಚೀರಿದಳು. ನನ್ನ ಕಣ್ಣಿಗೆ ಪೈಲ್ವಾನ ಕಾಣಲಿಲ್ಲ, ಗುಜರಿಯ ತಕ್ಕಡಿ ಕಂಡಿತು.

ಅವಳು ಪೈಲ್ವಾನನ ಪಕ್ಕದಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ಒರೆಸಿ ನೋಡಿದಳು. ಮೀಸೆಗೆ ಅಂಟಿದ್ದ ಒಂದು ಕುಂಬಳದ ಬೀಜವನ್ನು ಕಿತ್ತು ಬೆಳಕಿಗೆ ಹಿಡಿದಳು. ಎದ್ದು ಇಕ್ಕಳ ನೋಡಿದಳು. ಅದರ ದವಡೆಯಲ್ಲಿ ಅರ್ಧ ಕುಂಬಳಕಾಯಿ ಇನ್ನೂ ಭದ್ರವಾಗಿ ಕೂತಿತ್ತು. ಅಂಥ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು.

ಹೆಂಡತಿ ನನ್ನ ಕೈಯಿಂದ ಕರ್ಪೂರ ತೆಗೆದುಕೊಂಡು, ಮಿಷನ್ನಿನ ಮುಂದೆ ಹಚ್ಚಿ, ಕೈ ಮುಗಿದಳು.

"ದೃಷ್ಟಿ ತೆಗೆದಾಯ್ತು. ಮಿಷನ್ ಇರ್ಲಿ," ಎಂದಳು. "ಗುಜರಿಯವನು ಬಂದ್ರೆ ಈ ಪೈಲ್ವಾನನ್ನ ಕೊಟ್ಟು ಕಳಿಸಿ."